ಓದಿ ಹೇಳುವವಳಿಗೆ

ಮೋರಟಗಿ, ತಾ. ಸಿಂದಗಿ
೪ ಜೂನ್ ೧೯೭೧

ದಂಡಿನಲ್ಲಿರುವ ಸೋಮನಿಂಗ ಅವರಿಗೆ ತಾಯಿ ತಿಪ್ಪವ್ವ ಹೇಳಿ ಬರೆಸಿದ್ದು.

ಇಲ್ಲಿ ನಾನು, ನಲವತ್ತು ಕುರಿ, ಒಂದು ನಾಯಿ ಎಲ್ಲರೂ ಸುಖವಾಗಿದ್ದೇವೆ. ಪತ್ರ ಬರೆದುಕೊಡುತ್ತಿದ್ದ ಸಾಲಿ ಮಾಸ್ತರರಿಗೆ ಬಸವನ ಬಾಗೇವಾಡಿಗೆ ವರ್ಗವಾಗಿ ಎರಡು ತಿಂಗಳಾಯಿತು. ಅಂದಿನಿಂದ ನಿನ್ನ ಎರಡು ಪತ್ರಗಳು ದೇವರ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದವು. ಅಂಚೆಯ ಯಾಕೂಬಸಾಬ ಓದುತ್ತೇನೆಂದ, ನಾನು ಕೊಡಲಿಲ್ಲ. ಅವನು ಓದಿದರೆ ಸಂಜೆಯೊಳಗೆ ಸುತ್ತಲ ಹಳ್ಳಿಗೆಲ್ಲ ಸುದ್ದಿ ಮುಟ್ಟುತ್ತದೆ. ನಿನ್ನೆ ಎದುರು ಮನೆಯ ಲಕ್ಕವ್ವನ ಅಕ್ಕನ ಮಗಳು ಓದಿ ಹೇಳಿದಳು. ನೀನು ಮೂಡಣ ಗಡಿಗೆ ಹೋದದ್ದು ಆಗ ತಿಳಿಯಿತು. ಗಡಿಯಾಚೆ ಒಂದೇ ದೇಶದವರು ತಮ್ಮತಮ್ಮಲ್ಲೇ ಕಾದಾಡುತ್ತಿರುವುದು, ಜನ ಮನೆಮಠ ಬಿಟ್ಟು ಓಡಿ ಬರುತ್ತಿರುವುದು ತಿಳಿದು ಮನಸ್ಸಿಗೆ ಕಳವಳವಾಗಿದೆ.

ಹೇಳಿದ್ದನ್ನು ಬರೆಯುತ್ತಿರುವ ನಾನು ಇಷ್ಟನ್ನು ಓದಿ ತೋರಿಸಿದೆ. "ಇದು ನನ್ನ ಬಾಯಿ ಅಲ್ಲ, ಮಾಸ್ತರನ ಬಾಯಿ. ನಾ ಹೆಂಗ ಹೇಳ್ತೇನಿ ಹಂಗ ಬರಿ" ಎಂದು ನಿಮ್ಮ ತಾಯಿ ಗದರಿದರು. ಆದ್ದರಿಂದ ಮುಂದಿನದು ಅವರು ಹೇಳಿದಂತೆಯೇ ಇದೆ:

"ಸೋಮ್ಯಾ, ನಿನಗ ಈಜ ಬರಂಗಿಲ್ಲ. ಹೊಳಿ ಕಂಡ್ರ ದೂರ ನಿಂದರು. ಸಾಹೇಬ ಹೇಳಿದ್ರೂ ದೂರ ನಿಂದರು. ಅಲ್ಲಿ ಮಂದಿ ಜಗಳಾಡಾಕತ್ತಿದ್ರ ನಡುವ ಬಾಯಿ ಹಾಕಬ್ಯಾಡ. ಹೊಟ್ಟಿತುಂಬ ಉಣ್ಣು. ಮಾಘದಾಗ ರಜಾ ತಗೊಂಡ ಬಾ. ನಿಮ್ಮ ಸೋದರಮಾವ ಪರಸಪ್ಪ ತಾಳಿಕೋಟಿಯಿಂದ ಹೇಳಿ ಕಳಿಸ್ಯಾನ, ಮಗಳು ಇಂದ್ರಾಬಾಯಿ ಲಗ್ನಕ್ಕ ಬಂದಾಳಂತ."

ಬರೆದವಳ ಮಾತು: ನನ್ನ ಹೆಸರು ರೇವವ್ವ. ಇಂಡಿ ತಾಲೂಕಿನ ಹೊರ್ತಿಯವಳು. ಚಿಗವ್ವ ಲಕ್ಕವ್ವನ ಬಾಣಂತನ ನೋಡಿಕೊಳ್ಳಲು ಬಂದಿದ್ದೇನೆ. ನಮ್ಮ ಮನೆಯಲ್ಲಿ ಗಂಡುಮಕ್ಕಳಿಲ್ಲ, ಹಾಗಾಗಿ ಅಪ್ಪ ನನ್ನನ್ನೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗುವವರೆಗೆ ಓದಿಸಿದ. ನಿಮ್ಮ ಅಕ್ಷರ ನಾಯಿ ನುಗ್ಗಿದ ಕುರಿ ಹಿಂಡಿನ ಹಾಗಿದೆ. ಓದುವವರ ಕಣ್ಣಿಗೂ ಸ್ವಲ್ಪ ದಯೆ ತೋರಿಸಿ.

ತಿಪ್ಪವ್ವನವರ ಪರವಾಗಿ
ರೇವವ್ವ

೯೯ ಎ.ಪಿ.ಓ. ಮೂಲಕ
೨೩ ಜೂನ್ ೧೯೭೧

ಅವ್ವನ ಪಾದಕ್ಕೆ ಸೋಮನಿಂಗನ ಶರಣು.

ನಾನು ಎಲ್ಲಿದ್ದೇನೆಂದು ಬರೆಯುವಂತಿಲ್ಲ, ಮೇಲಿನದು ದಂಡಿನ ಅಂಚೆಯ ವಿಳಾಸ ಅಷ್ಟೇ. ಬರೆದರೂ ನಿನಗೆ ತಿಳಿಯುವುದಿಲ್ಲ, ಯಾಕೆಂದರೆ ನನಗೇ ತಿಳಿದಿಲ್ಲ. ಎತ್ತ ನೋಡಿದರೂ ನೀರು. ನಮ್ಮ ಊರಿನಲ್ಲಿ ಬಾವಿಗೆ ಹೋಗಿ ನೀರು ತರಬೇಕು, ಇಲ್ಲಿ ನೀರೇ ಮನೆಗೆ ಬಂದು ಕೂರುತ್ತದೆ. ನಮ್ಮದು ಸೇತುವೆ ಕಟ್ಟುವ ಪಲ್ಟನ್. ಹೊಳೆ ಕಂಡರೆ ದೂರ ನಿಲ್ಲು ಎಂದಿದ್ದೀಯಲ್ಲ, ಸಾಹೇಬರಿಗೆ ಅದನ್ನು ಹೇಳಿದರೆ ಅವರು ಬಿದ್ದು ಬಿದ್ದು ನಕ್ಕಾರು. ಸೊಂಟಕ್ಕೆ ಹಗ್ಗ ಕಟ್ಟಿ ನನಗೆ ಈಜು ಕಲಿಸುತ್ತಿದ್ದಾರೆ. ಇಪ್ಪತ್ಮೂರು ವರ್ಷದ ಕುರಿಗಾರ ಕೆರೆಯಲ್ಲಿ ಕೈಕಾಲು ಬಡಿಯುವುದನ್ನು ನೋಡಲು ಕ್ಯಾಂಪಿನ ಮಕ್ಕಳೆಲ್ಲ ದಂಡೆಯ ಮೇಲೆ ಸೇರುತ್ತಾರೆ.

ಈ ಪತ್ರ ಓದಿ ಹೇಳುವ ತಂಗಿಗೆ: ನನ್ನ ಅಕ್ಷರದ ಬಗ್ಗೆ ಬರೆದದ್ದು ನಿಜ, ಸಿಟ್ಟಿಲ್ಲ. ಎರಡು ತಿಂಗಳು ಒಡೆಯದೆ ಬಿದ್ದಿದ್ದ ಪತ್ರ ನೀನು ಓದಿ ಹೇಳಿದೆಯಂತೆ. ಅದರ ಉಪಕಾರ ಈ ಅಣ್ಣ ಮರೆಯುವುದಿಲ್ಲ.

ಅವ್ವಾ, ಪಂಚಮಿ ಬರುತ್ತಿದೆ. ಓಣಿಯ ಹುಡುಗಿಯರಿಗೆಲ್ಲ ಅಣ್ಣತಮ್ಮಂದಿರು ಉಡುಗೊರೆ ಕೊಡುವಾಗ ಈ ಹುಡುಗಿ ಪರ ಊರಿನಲ್ಲಿ ಸುಮ್ಮನೆ ಕೂತು ನೋಡಬೇಕಾಗುತ್ತದೆ. ನನ್ನ ಹೆಸರಿನಿಂದ ಒಂದು ಒಳ್ಳೆಯ ಖಣ ಕೊಡಿಸು. ಕುಪ್ಪಸ ಹೊಲಿಸಿಕೊಳ್ಳಲಿ.

ನಿನ್ನ ಮಗ
ಸೋಮನಿಂಗ

ಮೋರಟಗಿ
೧ ಆಗಸ್ಟ್ ೧೯೭೧

ಸೋಮನಿಂಗ ಅವರಿಗೆ ತಾಯಿಯವರು ಹೇಳಿದ್ದು ಇಷ್ಟು:

"ಸೋಮ್ಯಾ, ನೀ ಹೇಳಿದಂಗ ಸಿಂದಗಿ ಬಾಬುಲಾಲನ ಅಂಗಡಿಗೆ ಹೋಗಿ ನಾನ ಆರಿಸಿ ತಂದೇನಿ. ಜೋಕಾಲಿ ಕಟ್ಟಿದ್ದ ಬೇವಿನ ಗಿಡದ ಬುಡಕ್ಕ ಓಣಿ ಹೆಣ್ಮಕ್ಕಳ ಮುಂದ ರೇವವ್ವಗ ಉಡಿಯಾಗ ಹಾಕಿದೆ. 'ಇದು ನಿಮ್ಮಣ್ಣ ಗಡಿಯಿಂದ ಕೊಡಿಸಿದ್ದು' ಅಂದೆ. ಲಕ್ಕವ್ವ ಕಣ್ಣಾಗ ನೀರ ತಂದಳು. ಈಜ ಕಲಿಯೂದು ಬಿಡು. ಹಗ್ಗ ಹರದ್ರ ಯಾರ ಹೊಣಿ?"

ಬರೆದವಳ ಮಾತು: ಖಣ ಬಂತು. ಗಿಳಿಹಸಿರು, ಕೆಂಪು ಅಂಚು. ಹುಟ್ಟಿದಾಗಿನಿಂದ ಪಂಚಮಿಯ ದಿನ ನಾನು ಬೇರೆಯವರ ಉಡುಗೊರೆ ಮುಟ್ಟಿ ನೋಡಿದವಳೇ ಹೊರತು ನನ್ನದೆಂದು ಮಡಚಿಟ್ಟವಳಲ್ಲ. ಬಹಳ ಸಂತೋಷವಾಯಿತು. ಗೋಡೆಯ ಮೇಲಿನ ನಿಮ್ಮ ಫೋಟೋಕ್ಕೆ ನಮಸ್ಕಾರ ಮಾಡಿದೆ. ಫೋಟೋದಲ್ಲಿ ನಿಮ್ಮ ಟೋಪಿ ತಲೆಗಿಂತ ಎರಡು ಬೆರಳು ದೊಡ್ಡದಾಗಿದೆ. ಸರಕಾರದವರು ಅಳತೆ ತೆಗೆದುಕೊಳ್ಳುವುದಿಲ್ಲವೇ?

ರೇವವ್ವ

೯೯ ಎ.ಪಿ.ಓ. ಮೂಲಕ
೨೬ ಆಗಸ್ಟ್ ೧೯೭೧

ಅವ್ವಾ, ಇಂದು ಒಂದು ವಿಚಿತ್ರ ಕೆಲಸ ಮಾಡಿದೆ.

ನಮ್ಮ ಬಿಡಾರದ ಪಕ್ಕದಲ್ಲೇ ಆಚೆಯಿಂದ ಓಡಿ ಬಂದವರ ಕ್ಯಾಂಪು. ನಾನು ಗಿಡದ ಕೆಳಗೆ ನಿನಗೆ ಪತ್ರ ಬರೆಯುತ್ತಿದ್ದೆ. ನಿನ್ನಷ್ಟೇ ವಯಸ್ಸಿನ ಒಬ್ಬ ಮುದುಕಿ ಬಂದು ಎದುರಿಗೆ ಕೂತಳು. ಅವಳ ಮಗ ಆಚೆಯ ಹುಡುಗರ ಪಡೆ ಸೇರಿ, ತಮ್ಮದೇ ಸರಕಾರದ ದಂಡಿನ ಮೇಲೆ ಕಾದಾಡಲು ಹೋಗಿದ್ದಾನೆಂದು ಕ್ಯಾಂಪಿನವರು ಹೇಳಿದರು. ಬೆರಳಿನಿಂದ ನನ್ನ ಪೆನ್ನು ತೋರಿಸಿ ಮಾತಾಡತೊಡಗಿದಳು. ನನಗೆ ನಿನ್ನ ಭಾಷೆ ಬರುವುದಿಲ್ಲ, ನನಗೆ ಬರುವ ಅಕ್ಷರವೇ ಬೇರೆ ಎಂದು ಕೈಸನ್ನೆ ಮಾಡಿದೆ. ಅವಳು ನನ್ನ ಕೈ ಹಿಡಿದು ಕಾಗದದ ಮೇಲೆ ಇಟ್ಟಳು. ಏನು ಮಾಡಲಿ? ಕಿವಿಗೆ ಕೇಳಿದ್ದನ್ನು ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದೆ. ಓದಿಸಿ ಕೇಳಿದಳು. ಎರಡು ಕಡೆ ತಪ್ಪು ಹಿಡಿದು ತಿದ್ದಿಸಿದಳು.

ಆಚೆಗೆ ಹೋಗುವ ಹುಡುಗನೊಬ್ಬನ ಕೈಗೆ ಅದನ್ನು ಕೊಟ್ಟಿದ್ದೇನೆ, ಬಾಯಲ್ಲಾದರೂ ಮುಟ್ಟಿಸಲಿ ಎಂದು ಅವನಿಗೂ ಓದಿ ಕೇಳಿಸಿದ್ದೇನೆ. ಒಂದು ಪ್ರತಿ ಇಲ್ಲಿದೆ: "ಬಾಬಾ ಮೊಫಿಜ್, ತುಇ ಕೊಯ್? ಭಾತ್ ಖಾಇಸೊಸ್? ಗಾಯೆ ಜೊರ್ ನಾಇ ತೊ? ಆಮಿ ಭಾಲೊ ಆಸಿ." ಇದರ ಅರ್ಥ ಪೂರ್ತಿ ನನಗೆ ಗೊತ್ತಿಲ್ಲ. ಆದರೂ ನಿನಗೆ ಕಳಿಸಬೇಕೆನಿಸಿತು.

ಓದಿ ಹೇಳುವ ತಂಗಿಗೆ: ಇದನ್ನು ನಿಧಾನವಾಗಿ ಓದು. ಟೋಪಿ ನನ್ನದಲ್ಲ. ಫೋಟೋ ತೆಗೆಯುವವನ ಅಂಗಡಿಯದು.

ಸೋಮನಿಂಗ

ಮೋರಟಗಿ
೧೮ ಸೆಪ್ಟೆಂಬರ್ ೧೯೭೧

ಸೋಮನಿಂಗ ಅವರಿಗೆ,

ಆ ಮುದುಕಿಯ ಪತ್ರವನ್ನು ನಿಮ್ಮ ತಾಯಿ ನನ್ನಿಂದ ಮೂರು ಸಲ ಓದಿಸಿದರು. ಮೂರನೆಯ ಸಲ ನೂಲುವ ಕದಿರು ಕೆಳಗಿಟ್ಟು, "ಇದಕ್ಕ ಪಂಡಿತ ಬೇಕೇನ? ಮಗನ, ಎಲ್ಲಿ ಅದೀ, ಉಂಡೇನು, ಜ್ವರಾ ಗಿರಾ ಬಂದಿಲ್ಲ ಹೌದಲ್ಲ ಅನ್ನಾಕತ್ತಾಳ. ನಾ ಬರಸೂದು ಬ್ಯಾರೆ ಏನೈತಿ?" ಎಂದರು. ಮುಲ್ಕಿ ಪಾಸಾದ ನನಗೆ ಅದು ಹೊಳೆದಿರಲಿಲ್ಲ.

ಅವರು ಹೇಳಿದ ಉತ್ತರ ಇದು, ಮುದುಕಿಗೆ ಓದಿ ಹೇಳಬೇಕಂತೆ: "ಅವ್ವಾ, ನಿನ್ನ ಮಗಗ ಯಾವ ತಾಯಿನಾರ ಉಣ್ಣಾಕ ಹಾಕಿರ್ತಾಳ. ಅಂಜಬ್ಯಾಡ. ನನ್ನ ಮಗ ನಿನ್ನ ಕಡೆ ಅದಾನ. ನೀ ಅವಗ ಹಾಕು."

ಇದನ್ನು ಬರೆಯುವಾಗ ನಾನು ಅತ್ತುಬಿಟ್ಟೆ, ನಿಮ್ಮ ತಾಯಿ ಅಳಲಿಲ್ಲ. ಅತ್ತರೆ ಅಕ್ಷರ ಕೆಡುತ್ತದೆ ಎಂದು ನನ್ನನ್ನು ಬೈದರು. ಕೆಟ್ಟಿದ್ದರೆ ಕ್ಷಮಿಸಿ. ನಿಮ್ಮ ಅಕ್ಷರದ ಬಗ್ಗೆ ಮೊದಲ ಪತ್ರದಲ್ಲಿ ಬರೆದದ್ದನ್ನು ಹಿಂದೆ ತೆಗೆದುಕೊಂಡಿದ್ದೇನೆ. ಬೇರೆಯವರ ಭಾಷೆಯನ್ನು ಅಷ್ಟು ನೀಟಾಗಿ ಬರೆದ ಕೈಗೆ ಹೆಸರಿಡುವುದು ತಪ್ಪು.

ರೇವವ್ವ

೯೯ ಎ.ಪಿ.ಓ. ಮೂಲಕ
೧೪ ಅಕ್ಟೋಬರ್ ೧೯೭೧

ಅವ್ವಾ, ನಿನ್ನ ಉತ್ತರವನ್ನು ಮುದುಕಿಗೆ ಕನ್ನಡದಲ್ಲೇ ಓದಿದೆ. ಅರ್ಥವಾದವಳ ಹಾಗೆ ಪ್ರತಿ ಸಾಲಿಗೂ ತಲೆದೂಗಿದಳು. ಮರುದಿನ ಸೆರಗಿನಲ್ಲಿ ಅಕ್ಕಿ ಹುರಿದು ಮಾಡಿದ ಮಂಡಾಳು ಕಟ್ಟಿಕೊಂಡು ಬಂದು ನನ್ನ ಕೈಗೆ ಸುರಿದಳು. ನಾನು ತಿನ್ನುವವರೆಗೆ ಎದ್ದು ಹೋಗಲಿಲ್ಲ. ನಮ್ಮ ಚೂಡಾದ ಹಾಗೆ ಖಾರವಿರಲಿಲ್ಲ, ಆದರೂ ಒಂದು ಕಾಳು ಬಿಡದೆ ತಿಂದೆ.

ಈಗ ಹಗ್ಗವಿಲ್ಲದೆ ಈಜುತ್ತೇನೆ. ಇಪ್ಪತ್ತು ಮೊಳ ಹೋಗಬಲ್ಲೆ. ಇಪ್ಪತ್ತೊಂದನೆಯದಕ್ಕೆ ಯಾರಾದರೂ ಕೈ ಕೊಡಬೇಕು.

ಓದಿ ಹೇಳುವವರಿಗೆ: ನೀವು ಅತ್ತ ಜಾಗ ಪತ್ರದಲ್ಲಿ ಗೊತ್ತಾಗುತ್ತದೆ. ಅಲ್ಲಿ ಮಸಿ ಸ್ವಲ್ಪ ಹರಡಿದೆ. ಆ ಪತ್ರ ನನ್ನ ಅಂಗಿಯ ಕಿಸೆಯಲ್ಲಿದೆ. ಈ ಸಾಲು ಅವ್ವನಿಗೆ ಓದದಿದ್ದರೂ ನಡೆಯುತ್ತದೆ. ದೀಪಾವಳಿಗೆ ಏನೇನು ಮಾಡಿದಿರಿ, ಬರೆಯಿರಿ.

ಸೋಮನಿಂಗ

ಮೋರಟಗಿ
೩ ನವೆಂಬರ್ ೧೯೭೧

ಸೋಮನಿಂಗ ಅವರಿಗೆ ತಾಯಿಯವರು ಹೇಳಿದ್ದು:

"ಸೋಮ್ಯಾ, ಮಾಘದಾಗ ಇಂದ್ರಾಬಾಯಿ ಕೂಡ ಲಗ್ನ ಗಟ್ಟಿ. ಹುಡುಗಿ ಕೆಂಪಗದಾಳ, ಕೆಲಸಕ್ಕ ಚುರುಕ ಅದಾಳ, ತೆಳ್ಳಗ ರೊಟ್ಟಿ ಬಡೀತಾಳ. ನೀ ಹೂಂ ಅಂತ ಒಂದ ಮಾತ ಬರದ್ರ ಪರಸಪ್ಪಗ ಹೇಳ್ತೇನಿ. ರೇವವ್ವಾ, ಬರದೇನು? ಯಾಕ ನಿಲ್ಲಿಸಿದಿ? ತೆಳ್ಳಗ ರೊಟ್ಟಿ ಬಡೀತಾಳ ಅಂತ ಬರಿ."

ಬರೆದಿದ್ದೇನೆ. ತೆಳ್ಳಗೆ ಬಡಿಯುತ್ತಾಳೆ.

ಬರೆದವಳ ಮಾತು: ದೀಪಾವಳಿಗೆ ಕರಿಗಡಬು ಮಾಡಿದೆವು. ನಾನು ಮಾಡಿದವು ಎಣ್ಣೆಯಲ್ಲಿ ಬಾಯಿ ಬಿಟ್ಟವು. ನಿಮ್ಮ ಹೋದ ಪತ್ರದಲ್ಲಿ ಯಾವಾಗಲೂ ಇರುವ ಒಂದು ಶಬ್ದ ಇರಲಿಲ್ಲ. ಮೂರು ಸಲ ಹುಡುಕಿದೆ. ದಾರಿಯಲ್ಲಿ ಉದುರಿ ಬಿತ್ತೋ, ನೀವೇ ಇಟ್ಟುಕೊಂಡಿರೋ ಗೊತ್ತಾಗಲಿಲ್ಲ. ಎಲ್ಲ ಪತ್ರಗಳಲ್ಲೂ "ತಂಗಿಗೆ" ಎಂದು ಬರೆಯುತ್ತಿದ್ದವರು "ಓದಿ ಹೇಳುವವರಿಗೆ" ಎಂದದ್ದೇಕೆ? ತಪ್ಪಾಗಿದ್ದರೆ ತಿದ್ದಿ. ತಪ್ಪಲ್ಲದಿದ್ದರೆ ಹಾಗೇ ಬಿಡಿ.

ರೇವವ್ವ

೯೯ ಎ.ಪಿ.ಓ. ಮೂಲಕ
೨೮ ನವೆಂಬರ್ ೧೯೭೧

ಅವ್ವಾ, ನಾನು ಆರಾಮ ಇದ್ದೇನೆ. ಇನ್ನು ಕೆಲವು ದಿನ ಪತ್ರ ಬರದಿದ್ದರೆ ಗಾಬರಿಯಾಗಬೇಡ. ಕೆಲಸ ಹೆಚ್ಚಿದೆ. ಲಗ್ನದ ಮಾತಿಗೆ ಹೂಂ ಅನ್ನಲು ಈಗ ಆಗುವುದಿಲ್ಲ, ಬಂದ ಮೇಲೆ ಮಾತಾಡೋಣ. ಕುರಿಗಳನ್ನು ಚಳಿಗೆ ಬೆಚ್ಚಗಿಡು, ನೀನೂ ಬೆಚ್ಚಗಿರು.

ಇಲ್ಲಿಂದ ಮುಂದಿನದು ಓದುವವರಿಗೆ ಮಾತ್ರ. ದಯವಿಟ್ಟು ಗಟ್ಟಿಯಾಗಿ ಓದಬೇಡಿ.

ಶಬ್ದ ಉದುರಿಲ್ಲ. ನಾನೇ ಇಟ್ಟುಕೊಂಡೆ. ಜೂನಿನಲ್ಲಿ ಅದನ್ನು ಬರೆದಾಗ ನೀವು ಯಾರೋ ಎದುರು ಮನೆಯ ಹುಡುಗಿ. ಗುರುತಿಲ್ಲದ ಹೆಣ್ಣುಮಗಳನ್ನು ನಮ್ಮಲ್ಲಿ ಮತ್ತೇನೆಂದು ಕರೆಯುತ್ತಾರೆ? ಮರ್ಯಾದೆಗೆ ಬರೆದೆ. ಮರ್ಯಾದೆಗೇ ಖಣ ಕೊಡಿಸಿದೆ. ಈಗ ಆ ಮರ್ಯಾದೆ ನನ್ನ ಕುತ್ತಿಗೆಗೆ ಬಂದಿದೆ. ಅಂಚೆಯ ದಿನ ಅವ್ವನ ಮಾತನ್ನು ಬೇಗ ಬೇಗ ಓದಿ, ಕ್ಷಮಿಸಲಿ ಆಕೆ, ಕೆಳಗಿನ ನಿಮ್ಮ ನಾಲ್ಕು ಸಾಲಿಗೆ ಹೋಗುತ್ತೇನೆ. ನಿಮ್ಮ ಮುಖ ನಾನು ನೋಡಿಲ್ಲ. ನೋಡುವ ಅವಸರವೂ ಇಲ್ಲ, ನೀವು ಹೇಗಿದ್ದೀರಿ ಎಂದು ನನಗೆ ಗೊತ್ತಾಗಿದೆ.

ನನಗೆ ಇಂದ್ರಾಬಾಯಿ ಬೇಡ. ನೀವು ಬೇಕು. ಮುಂದೆ ಏನಾಗುತ್ತದೋ ತಿಳಿಯದು, ಅಂಜಿಕೆ ಇದೆ. ಉಳಿದು ಬಂದರೆ ಹೊರ್ತಿಗೆ ಬಂದು ನಿಮ್ಮ ತಂದೆಯವರನ್ನು ಕೇಳಲೇ? ಉದ್ದ ಉತ್ತರ ಬೇಡ. ಬರಬೇಕೋ ಬೇಡವೋ, ಒಂದೇ ಶಬ್ದ ಸಾಕು.

ಸೋಮನಿಂಗ

ಮೋರಟಗಿ ಅಂಚೆ
೧೯ ಡಿಸೆಂಬರ್ ೧೯೭೧

ಮೆಹರ್ಬಾನ್ ಸೇತುವೆ ಪಲ್ಟನ್ನಿನ ಸ್ಯಾಪರ್ ಸೋಮನಿಂಗ ಇವರಿಗೆ, ಟಪಾಲು ಹಂಚುವ ಯಾಕೂಬಸಾಬ ಮಾಡುವ ಸಲಾಮು. ಈ ಪತ್ರ ನಿಮ್ಮ ತಾಯಿಯವರು ಹೇಳಿದ ಪ್ರಕಾರ ನಾನು ಬರೆಯುತ್ತಿದ್ದೇನೆ. ಬರೆಯುವ ಮೊದಲು ನನ್ನ ತಪ್ಪು ಕಸೂರಿನ ವಿಷಯ ತಿಳಿಸತಕ್ಕದ್ದು.

ದಿನಾಂಕ ೧೬ರಂದು ಸಾಯಂಕಾಲ ಲಡಾಯಿ ಮುಗಿಯಿತೆಂದು, ನಾವು ಗೆದ್ದೆವೆಂದು ರೇಡಿಯೋದಲ್ಲಿ ಬಂತು. ಊರೆಲ್ಲ ಕುಣಿಯಿತು. ಮರುದಿನವೇ ಎಳ್ಳಮಾವಾಸ್ಯೆ. ಎಲ್ಲರೂ ಬಂಡಿ ಕಟ್ಟಿಕೊಂಡು ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರು. ನಿಮ್ಮ ಪತ್ರ ಬಂದಿತ್ತು. ಇಂಥ ದಿನ ಅದನ್ನು ಇಟ್ಟುಕೊಳ್ಳಬಾರದೆಂದು ಸೈಕಲ್ ತುಳಿದು ಹೊಲಕ್ಕೇ ಒಯ್ದೆ. ರೇವವ್ವ ಹಬ್ಬಕ್ಕೆ ತಂದೆಯ ಊರಾದ ಹೊರ್ತಿಗೆ ಹೋಗಿದ್ದಳು. ಅರವತ್ತು ಎಪ್ಪತ್ತು ಜನ ಉಣ್ಣುತ್ತ ಕೂತಿದ್ದರು. "ಓದೋ ಸಾಬಣ್ಣಾ, ಗಟ್ಟಿಯಾಗಿ ಓದು" ಎಂದು ಎಲ್ಲರೂ ಕೂಗಿದರು. ನಾನು ಬಂಡಿಯ ಮೇಲೆ ನಿಂತು ಓದಿದೆ. "ಗಟ್ಟಿಯಾಗಿ ಓದಬೇಡಿ" ಎಂಬುದನ್ನೂ ಗಟ್ಟಿಯಾಗಿಯೇ ಓದಿದೆ. ಓದಿದ ಮೇಲೆ ಅದರ ಅರ್ಥ ಹೊಳೆಯಿತು. ಆಗ ನಿಲ್ಲಿಸಬೇಕಾಗಿತ್ತು. ಆದರೆ ಜನ ಬಿಡಲಿಲ್ಲ. ಸತ್ಯ ಹೇಳುತ್ತೇನೆ, ನನಗೂ ನಿಲ್ಲಿಸಲು ಮನಸ್ಸಾಗಲಿಲ್ಲ. ಮಾಫಿ ಇರಲಿ.

ಇನ್ನು ತಾಯಿಯವರ ಮಾತು:

"ಸೋಮ್ಯಾ, ಮೊದಲ ನೀ ಜೀವಂತ ಅದೀ ಅಂತ ಬರಿ. ಕಾಗದ ಲಡಾಯಿಗಿಂತ ಮೊದಲಿಂದು. ಮಂದಿ ಗೆದ್ದೇವಿ ಗೆದ್ದೇವಿ ಅಂತಾರ, ನನಗ ನೀ ಬರದ್ರ ಗೆದ್ದಂಗ.

ಎರಡನೇದು. ನಿಮ್ಮಿಬ್ಬರ ಕಳ್ಳತನ ನನಗ ಗೊತ್ತಿಲ್ಲಂತ ತಿಳದೀರೇನು? ಅಕ್ಷರ ಬರಲಿಕ್ಕಿಲ್ಲ, ನಲವತ್ತ ಕುರಿ ದಿನಾ ಎಣಸಾಕಿ ನಾನು. ಕಾಗದದಾಗ ಇಪ್ಪತ್ತ ಸಾಲಿದ್ರ ಅಕಿ ಬೆರಳು ಹದಿನೈದಕ್ಕ ನಿಲ್ತಿತ್ತು. ಉಳದ ಐದು ಎಲ್ಲಿ ಹೋದುವು ಅಂತ ನಾ ಕೇಳಲಿಲ್ಲ. ಅಕಿ ಮಾರಿ ನೋಡತಿದ್ದೆ, ಅಷ್ಟ. ಇಂದ್ರಾಬಾಯಿದು ದೀಪಾವಳಿಗೇ ಮುದ್ದೇಬಿಹಾಳದ ಕಡೆ ನಿಶ್ಚಯ ಆಗೇತಿ. ಆ ಮ್ಯಾಲೂ ಅಕಿ ಹೆಸರ ಬರಸಿದ್ದು, ಈ ಹುಡುಗಿ ಪೆನ್ನು ಎಲ್ಲಿ ನಿಲ್ತೈತಿ ನೋಡಾಕ. ತೆಳ್ಳಗ ರೊಟ್ಟಿ ಅನ್ನೂದಕ್ಕ ನಿಂತಿತು.

ಅಕಿ ನನಗ ಸೊಸಿ ಆಗೂದು ನನಗ ಸಕ್ಕರಿ ತಿಂದಂಗ. ಅವರ ಬೆಡಗು ಗೋತ್ರ ಬ್ಯಾರೆ, ನಮ್ಮದು ಬ್ಯಾರೆ, ಲಗ್ನಕ್ಕೇನೂ ಅಡ್ಡಿ ಇಲ್ಲ. ಆದ್ರ ನೀ ಮೂಳ, ತಂಗಿ ಅಂದಿ. ಪಂಚಮಿ ದಿನ ಓಣಿ ಮುಂದ ನನ್ನ ಕೈಲೇ ಖಣ ಹಾಕಿಸಿದಿ. ಈಗ ಮಂದಿ ನಗಾಕತ್ತೇತಿ. ಅಕಿ ಅಪ್ಪ ಅಮೋಘಸಿದ್ಧ ಸುದ್ದಿ ಕೇಳಿ ಮಗಳನ್ನ ಹೊರ್ತ್ಯಾಗ ಹಿಡದ ಕುಂದರಿಸ್ಯಾನ. ಅಣ್ಣಾಗ ಯಾರ ಹೆಣ್ಣ ಕೊಡತಾರ?"

ಮೇಲ್ಕಂಡದ್ದು ಓದಿ ಹೇಳಲಾಯಿತು, ಸರಿ ಎಂದು ಒಪ್ಪಿದರು.

ತಮ್ಮ ನಂಬಿಗಸ್ತ
ಯಾಕೂಬಸಾಬ

ಹೊರ್ತಿ, ತಾ. ಇಂಡಿ
೨೪ ಡಿಸೆಂಬರ್ ೧೯೭೧

ಸೋಮನಿಂಗ ಅವರಿಗೆ,

ಇದು ಯಾರೂ ಹೇಳಿ ಬರೆಸಿದ್ದಲ್ಲ. ನಿಮ್ಮ ಪತ್ರವನ್ನು ಓದಬೇಕಾದವಳು ನಾನೊಬ್ಬಳು, ಓದದೆ ಉಳಿದವಳೂ ನಾನೊಬ್ಬಳೇ. ಚಿಗವ್ವ ಬಂದು ಬಾಯಲ್ಲಿ ಹೇಳಿದಳು. ಒಂದು ಸಲ ಹೇಳಿದ್ದು ಸಾಲದೆ ಮತ್ತೆ ಹೇಳಿಸಿದೆ. ಅಪ್ಪ ಸಿಟ್ಟಿನಲ್ಲಿದ್ದಾನೆ. ನೀವು ಹೇಗಿದ್ದೀರೋ ತಿಳಿಯದೆ ನನಗೆ ಸಿಟ್ಟು, ನಾಚಿಕೆ ಯಾವುದೂ ಬರುತ್ತಿಲ್ಲ. ಅಂಚೆಯವನ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತೇನೆ.

ಒಂದೇ ಶಬ್ದ ಸಾಕೆಂದಿರಿ.

ಬರ್ರಿ.

ರೇವವ್ವ

೯೯ ಎ.ಪಿ.ಓ. ಮೂಲಕ
೬ ಜನವರಿ ೧೯೭೨

ಅವ್ವಾ, ಜೀವಂತ ಇದ್ದೇನೆ! ಕೈಕಾಲು ಎಲ್ಲ ಜೋಡಿಜೋಡಿಯಾಗಿಯೇ ಇವೆ. ನೀನು ಕಳಿಸಿದ್ದೂ ಹೊರ್ತಿಯದೂ ಒಂದೇ ದಿನ ಬಂದವು. ಎರಡನ್ನೂ ಓದಿ ಬಿಡಾರದಲ್ಲಿ ಒಬ್ಬನೇ ಕುಣಿದೆ. ಜೊತೆಗಾರರು ತಲೆಗೆ ಪೆಟ್ಟು ಬಿದ್ದಿದೆಯೆಂದು ತಿಳಿದರು.

ಹನ್ನೊಂದು ಹೊಳೆ ದಾಟಿದೆವು. ಒಂದು ಕಡೆ ಸೇತುವೆಯ ಹಲಗೆ ಜಾರಿ ನಡುನೀರಿಗೆ ಬಿದ್ದೆ. ಇಪ್ಪತ್ತು ಮೊಳ ಈಜಿದೆ. ಇಪ್ಪತ್ತೊಂದಕ್ಕೆ ದಂಡೆಯೇ ಸಿಕ್ಕಿತು. ನಮ್ಮವರಲ್ಲಿ ಮೂವರು ತಿರುಗಿ ಬರಲಿಲ್ಲ. ಅವರ ಮಾತು ಎದುರು ಕೂತಾಗ ಹೇಳುತ್ತೇನೆ, ಕಾಗದದಲ್ಲಿ ಆಗುವುದಿಲ್ಲ.

ಹಿಂದಿರುಗಿ ಬರುವಾಗ ಆ ಮುದುಕಿಯ ಕ್ಯಾಂಪಿಗೆ ಹೋದೆ. ಅರ್ಧ ಡೇರೆಗಳು ಖಾಲಿ. ತಲೆಯ ಮೇಲೆ ಗಂಟು ಹೊತ್ತು ಜನ ಸಾಲುಸಾಲಾಗಿ ತಮ್ಮ ಊರಿನ ಕಡೆ ನಡೆದಿದ್ದರು. ಅವಳ ಮಗ ತಾನೇ ಬಂದು ಕರೆದುಕೊಂಡು ಹೋದನಂತೆ. ಇಡೀ ಲಡಾಯಿಯಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ಸುದ್ದಿ ಬೇರೆ ಇಲ್ಲ.

ಅವ್ವಾ, ಮೂಳ ನಾನೇ, ಒಪ್ಪಿದೆ. ಬೇಕಾದರೆ ಊರ ಮುಂದೆ ಕಿವಿ ಹಿಡಿದು ನಿಲ್ಲುತ್ತೇನೆ. ಆದರೆ ಹೊರ್ತಿಗೆ ಹೋಗು. ಮಾರ್ಚಿನಲ್ಲಿ ರಜೆ ಸಿಗುತ್ತದೆ. ಯಾಕೂಬಸಾಬರೇ, ಇದನ್ನೂ ಗಟ್ಟಿಯಾಗಿ ಓದಿ.

ಸೋಮನಿಂಗ

ಹೊರ್ತಿ
೨೭ ಜನವರಿ ೧೯೭೨

ಸೋಮನಿಂಗ ಅವರಿಗೆ,

ನಿನ್ನೆ ನಿಮ್ಮ ತಾಯಿ, ನನ್ನ ಚಿಗವ್ವ ಇಬ್ಬರೂ ಮೂರು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತಿದ್ದೇನೆ.

ಅಪ್ಪ ಕಂಬಳಿ ಹಾಸಿ ಕೂರಿಸಿ, ನೀರು ಕೊಟ್ಟು, ಮೊದಲ ಮಾತಿಗೇ ಕಡ್ಡಿ ಮುರಿದ: "ಅಣ್ಣಾಗ ಮಗಳನ್ನ ಕೊಡೂ ಪದ್ಧತಿ ನಮ್ಮಲ್ಲಿ ಇಲ್ರಿ. ಪಂಚಮಿ ಖಣ ತಗೊಂಡಾಳ."

ನಿಮ್ಮ ತಾಯಿ, "ಖಣ ಆರಿಸಿದಾಕಿ ನಾನು, ತಂದಾಕಿ ನಾನು, ಉಡಿಯಾಗ ಹಾಕಿದಾಕಿ ನಾನು. ನನ್ನ ಮಗ ಆವಾಗ ಸೊಂಟಕ್ಕ ಹಗ್ಗ ಕಟಗೊಂಡ ನೀರಾಗಿದ್ದ. ಅತ್ತಿ ಸೊಸಿಗೆ ಹಾಕಿದ್ದು ಅಂತ ತಿಳೀರಿ" ಎಂದರು.

"ನಿಮ್ಮಣ್ಣ ಕೊಡಿಸಿದ್ದು ಅಂತ ನೀವ ಅಂದೀರಂತಲ್ರಿ?"

"ಬಾಯಿ ನಂದು, ತಪ್ಪ ನಂದು. ದಂಡ ಹಾಕ್ರಿ."

"ಖಣದ್ದು ಬಿಡ್ರಿ. ತಂಗಿ ಅಂತ ಕೈಯಾರೆ ಬರದಾನ. ಅದಕ್ಕೇನಂತೀರಿ?"

ನಿಮ್ಮ ತಾಯಿ ಚಿಗವ್ವನ ಕಡೆ ನೋಡಿದರು. ಚಿಗವ್ವ ನೆಲ ನೋಡಿದಳು. ಆಗ ನನ್ನ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಹೊನ್ನವ್ವ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ನನ್ನ ಹುಟ್ಟಿನಿಂದ ಇಲ್ಲಿಯವರೆಗೆ ಅವ್ವ ಗಂಡಸರ ಮಾತಿನಲ್ಲಿ ಬಾಯಿ ಹಾಕಿದ್ದು ನಾನು ಕಂಡಿಲ್ಲ.

"ನಾ ಒಂದ ಮಾತ ಕೇಳ್ತೇನ್ರಿ" ಎಂದು ಅಪ್ಪನ ಕಡೆ ತಿರುಗಿದಳು. "ನೀವು ಕುರಿ ತಗೊಂಡ ನಮ್ಮ ಊರ ಬಾವಿಗೆ ಬಂದಿದ್ರಲ್ಲ, ನಾ ನೀರ ಸೇದಾಕತ್ತಿದ್ದೆ. ಏನ ಅಂದ್ರಿ ನನಗ?"

ಅಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡ.

"ಹೇಳ್ರಿ. 'ತಂಗೀ, ಕುರಿಗೆ ನಾಕ ಕೊಡ ನೀರ ಹಾಕವಾ' ಅಂದ್ರಿ. ಮೂರ ದಿನಾ ತಂಗಿ ತಂಗಿ ಅಂದು ನೀರ ಹಾಕಿಸಿಕೊಂಡ್ರಿ. ನಾಕನೇ ದಿನ ನಿಮ್ಮಪ್ಪನ್ನ ಕಳಿಸಿದ್ರಿ. ಆವಾಗ ನಮ್ಮಪ್ಪ ನಿಮ್ಮಂಗ ಲೆಕ್ಕಾ ಹಿಡದಿದ್ರ, ಈ ಮನ್ಯಾಗ ಇವತ್ತ ಈ ಮಗಳು ಎಲ್ಲಿರ್ತಿದ್ದಳು?"

ಮೊದಲು ನಿಮ್ಮ ತಾಯಿ ನಗಲು ಸುರು ಮಾಡಿದರು. ಚಿಗವ್ವ ನಕ್ಕಳು. ಅಪ್ಪ ಸಿಟ್ಟಿನ ಮುಖ ಮಾಡಿಕೊಂಡೇ ಇದ್ದ, ಆದರೆ ಭುಜ ಕುಣಿಯುತ್ತಿದ್ದವು. "ಎಲಿ ಅಡಿಕಿ ತಗೊಂಡ ಬಾ" ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. ನಾನೇ ತಂದಿಟ್ಟೆ. ಅಪ್ಪ, ನಿಮ್ಮ ತಾಯಿ ಇಬ್ಬರೂ ಎಲೆ ಹಾಕಿಕೊಂಡರು. ಅಲ್ಲಿಗೆ ಮುಗಿಯಿತು.

ಯುಗಾದಿ ಕಳೆದ ಮೇಲೆ ಒಂಬತ್ತನೆಯ ದಿನ ಮುಹೂರ್ತ. ರಜೆ ಖಂಡಿತ ತೆಗೆದುಕೊಳ್ಳಿ, ನಿಮ್ಮ ಸಾಹೇಬರಿಗೆ ನಾನು ಬೇಕಾದರೂ ಬರೆಯುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ರೊಟ್ಟಿ ತೆಳ್ಳಗಿರುವುದಿಲ್ಲ.

ರೇವವ್ವ

ಮೋರಟಗಿ
೯ ಜುಲೈ ೧೯೭೨

ದಂಡಿನಲ್ಲಿರುವ ಮಗನಿಗೆ ತಾಯಿಯವರು ಹೇಳಿ, ಸೊಸೆಯ ಕೈಯಲ್ಲಿ ಬರೆಸಿದ್ದು:

"ಸೋಮ್ಯಾ, ನೀ ರಜಾ ಮುಗಿಸಿ ಹೋಗಿ ಐವತ್ತ ದಿನಾ ಆತು. ನಿನ್ನ ಹೆಣ್ತಿ ಮ್ಯಾಲ ನಂದು ಫಿರ್ಯಾದ ಐತಿ. ರೊಟ್ಟಿ ದಪ್ಪ ಬಡೀತಾಳ. ಕುರಿ ಎಣಸಾಕ ಹಚ್ಚಿದ್ರ ಎರಡ ಕಡಿಮಿ ಹೇಳ್ತಾಳ. ಓಣಿ ಹೆಣ್ಮಕ್ಕಳೆಲ್ಲಾ ಕಾಗದ ಬರಸಾಕ ನಮ್ಮ ಮನಿಗೇ ಬರ್ತಾವ, ಒಲಿ ಮ್ಯಾಲಿನ ಪಲ್ಯ ಹೊತ್ತಿ ಹೋಗ್ತೈತಿ. ಮೂಲಿಮನಿ ಸೈದಾಬಿ ತನ್ನ ಮಗಗ ನಾಕ ಹಾಳಿ ಬರಸಿದಳು. ಇಕಿ ಅಲ್ಲೇ ಕುಂತ ಅಕಿ ಕೂಡ ಅತ್ತಳು. ಬರದೇನು? ರೇವವ್ವಾ, ಎಲ್ಲಾ ಬರಿ. ನಿನ್ನ ಮ್ಯಾಲಿಂದಂತ ಬಿಡಬ್ಯಾಡ."

ಎಲ್ಲ ಬರೆದಿದ್ದೇನೆ. ಕುರಿ ಎರಡಲ್ಲ, ಒಂದು ಕಡಿಮೆ ಹೇಳಿದ್ದೆ. ಅದೂ ಒಂದೇ ದಿನ.

ಇಷ್ಟು ಹೇಳಿ ಅತ್ತೆ ಎದ್ದು ನಿಂತರು. "ಇನ್ನೊಂದ ಸುದ್ದಿ ಐತಿ. ಅದು ನನ್ನ ಬಾಯಿಂದ ಹೋಗಬಾರದು. ಅದನ್ನ ನೀನ ಬರಿ. ನಾ ಕುರಿಗೆ ನೀರ ಕುಡಿಸಿ ಬರ್ತೇನಿ" ಎಂದು ಹೊರಗೆ ಹೋದರು.

ಕಾಗದದಲ್ಲಿ ಇನ್ನೂ ಅರ್ಧ ಜಾಗವಿದೆ. ಇಷ್ಟು ಜಾಗ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ, ಅದಕ್ಕೇ ಕೈ ಓಡುತ್ತಿಲ್ಲ. ಈಗ ಬರೆದೇ ಬಿಡುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ನೀವು ತಂದೆಯಾಗುತ್ತೀರಿ. ಗೊತ್ತಾಗಿ ಎಂಟು ದಿನವಾಯಿತು. ಬಹಳ ಸಂತೋಷವಾಗಿದೆ, ಸ್ವಲ್ಪ ಅಂಜಿಕೆಯೂ ಇದೆ. ಅನ್ನದ ವಾಸನೆ ಸೇರುತ್ತಿಲ್ಲ. ಬೆಳಗ್ಗೆ ಎದ್ದ ಕೂಡಲೇ ನಿಮ್ಮನ್ನು ನೋಡಬೇಕೆನಿಸುತ್ತದೆ. ಟೋಪಿ ದೊಡ್ಡದಾದ ಆ ಫೋಟೋದಿಂದ ಕೆಲಸ ನಡೆಯುತ್ತಿಲ್ಲ. ಅತ್ತೆ ಹಗಲೆಲ್ಲ ಬೈಯುತ್ತಾರೆ, ನನಗೆ ಉಣ್ಣಿಸಿದ ಮೇಲೆಯೇ ತಾವು ಉಣ್ಣುತ್ತಾರೆ. ಬೇಗ ರಜೆ ಕೇಳಿ ಬನ್ನಿ.

ಅತ್ತೆ ಒಳಗೆ ಬಂದರು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಎದುರಿಗೇ ಕೂತರು. "ಬರದೇನು? ಹಂಗಾರ ಓದು, ಗಟ್ಟಿಯಾಗಿ ಓದು" ಎಂದರು.

ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ.

ನಿಮ್ಮ
ರೇವವ್ವ